ಪದ್ಯದಮ್ಮ ನಿಲ್ಲು ಅಂದಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಇದೆ. ಮೇಲಿನ ಆರು ಅಂತಸ್ತಿನವರಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿಲ್ಲ. ಬೆಳಿಗ್ಗೆ ಹಾಸಿಗೆಯ ಮೇಲೆ ಬಿಳಿ ಬೆಡ್‌ಶೀಟು ಇರುತ್ತದೆ, ಅಷ್ಟು ಗೊತ್ತು. ಅದು ಎಲ್ಲಿಂದ ಬರುತ್ತದೆ, ಆಕಾಶದಿಂದ ಉದುರುತ್ತದೆಯೇ, ಕೇಳಿದವರಿಲ್ಲ.

ಗೋಡೆಯೊಳಗೆ ಮೇಲಿಂದ ಕೆಳಗಿನವರೆಗೆ ಒಂದು ದೊಡ್ಡ ತಗಡಿನ ಕೊಳವೆ. ವಾರ್ಡಿನವರು ಕೊಳೆಯಾದದ್ದನ್ನೆಲ್ಲ ಗಂಟು ಕಟ್ಟಿ ಅದರೊಳಗೆ ಎಸೆಯುತ್ತಾರೆ. ಕೈ ಒರೆಸಿಕೊಳ್ಳುತ್ತಾರೆ. ಅವರ ಪಾಲಿನದು ಮುಗಿಯಿತು. ಗಂಟು ಕೆಳಗೆ ಧೊಪ್ಪನೆ ಬೀಳುತ್ತದೆ. ಅಲ್ಲಿಂದ ಹದಿನೆಂಟು ಹೆಂಗಸರ ಪಾಲಿನದು ಶುರು.

ಆರು ಮೇಜು, ಮೇಜಿಗೆ ಮೂವರು. ಗಂಟು ಬಿಚ್ಚಬೇಕು. ರಕ್ತದ್ದು ಒಂದು ಕಡೆ, ಉಚ್ಚೆಯದ್ದು ಒಂದು ಕಡೆ, ವಾಂತಿಯದ್ದು ಒಂದು ಕಡೆ ಹಾಕಬೇಕು. ಗಟ್ಟಿಯಾದದ್ದನ್ನು ಉಗುರಿನಿಂದ ಕೆರೆದು ತೆಗೆಯಬೇಕು. ಆಮೇಲೆ ಯಂತ್ರಕ್ಕೆ. ಎಲ್ಲವೂ ಬರಿಗೈಯಲ್ಲಿ. ವಾರ್ಡಿನ ತೆಳ್ಳನೆಯ ಕೈಗವಸು ಒಂದೆರಡು ಸಲ ಕೊಟ್ಟರು, ಬಾಳೆಹಣ್ಣಿನ ಸಿಪ್ಪೆಯಂತೆ ಹರಿದು ಬಂತು. ದಪ್ಪ ರಬ್ಬರಿನದು ಕೊಡಿ ಎಂದರೆ ಮೇಸ್ತ್ರಿಯ ಉತ್ತರ ಒಂದೇ. "ಸ್ಟಾಕ್ ಇಲ್ಲ."

ಗಂಟಿನಲ್ಲಿ ಏನೇನೋ ಸಿಗುತ್ತದೆ. ಹತ್ತಿ, ಕತ್ತರಿ, ಕನ್ನಡಕ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. ಮೂರನೇ ಮೇಜಿನ ಕುಳ್ಳಿ ಅದನ್ನು ಬೆರಳಲ್ಲಿ ಹಿಡಿದು ಬಾಯಿ ಆಡಿಸಿ, "ಸ್ಟಾಕ್ ಇಲ್ಲ, ಸ್ಟಾಕ್ ಇಲ್ಲ" ಎಂದು ಮೇಸ್ತ್ರಿಯ ದನಿಯಲ್ಲಿ ಮಾತಾಡಿಸಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಸೂಜಿ ಸಿಕ್ಕ ದಿನ ಯಾರೂ ನಗುವುದಿಲ್ಲ. ಸೂಜಿಯನ್ನು ಡಬ್ಬಿಗೆ ಹಾಕಬೇಕಾದವರು ಮೇಲಿದ್ದಾರೆ. ಅವರಿಗೆ ಅವಸರ. ಹಾಸಿನ ಮೇಲೆಯೇ ಬಿಟ್ಟು, ಹಾಸಿನ ಜೊತೆಯೇ ಸುತ್ತಿ, ಕೆಳಗೆ ತಳ್ಳುತ್ತಾರೆ.

ಆರನೇ ಮೇಜಿನಲ್ಲಿ ಉದ್ದಜಡೆ ಎನ್ನುವವಳು ಇದ್ದಳು. ಜಡೆ ಸೊಂಟ ದಾಟುತ್ತಿತ್ತು, ಅದಕ್ಕೇ ಆ ಹೆಸರು. ಅವಳಿಗೆ ಸೂಜಿ ಚುಚ್ಚಿತು. ಬಾಯಲ್ಲಿ ಬೆರಳಿಟ್ಟು ಚೀಪಿ, ಉಗುಳಿ, ಕೆಲಸ ಮುಂದುವರಿಸಿದಳು. ಕೆಲವು ತಿಂಗಳಿಗೆ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಇದೇ ಆಸ್ಪತ್ರೆಯ ನಾಲ್ಕನೇ ವಾರ್ಡಿನಲ್ಲಿ ಸತ್ತಳು. ಮನೆಯಿಂದಲೇ ತಂದ ಕಾಯಿಲೆ ಎಂದು ಬರೆದರು. ಅವಳು ಸತ್ತ ಹಾಸು ಗಂಟಾಗಿ ಕೆಳಗೆ ಬಿತ್ತು. ಬಿಚ್ಚಿದವಳು, ಆಮೇಲೆ ಎಲ್ಲರ ಬಾಯಲ್ಲಿ ಪದ್ಯದಮ್ಮ ಎಂದಾದವಳು. ಬಟ್ಟೆಗೆ ಅಂಟಿದ್ದ ಒಂದು ಉದ್ದ ಕೂದಲು ನೋಡಿದ ಮೇಲೆ ಅದು ಯಾರದು ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಆ ದಿನ ಮೊದಲ ಪದ್ಯ ಹುಟ್ಟಿತು. ಬರೆದದ್ದಲ್ಲ. ಅವಳಿಗೆ ಅಕ್ಷರ ಬರುವುದಿಲ್ಲ. ಬಾಯಿಂದ ಬಂತು, ಕೈಯ ಲೆಕ್ಕಕ್ಕೆ ಬಂತು.

ಎತ್ತು ಹಾಸು, ಮೆಲ್ಲಗೆ ಎತ್ತು. ನಿಲ್ಲು.
ನೋವು ಉಂಡವರು ಮಲಗಿದ್ದ ಹಾಸು. ನಿಲ್ಲು.
ಕಲೆ ಹೋಗುತ್ತೆ, ಬಿಳುಪು ಬರುತ್ತೆ. ನಿಲ್ಲು.
ಇಂದಿನ ಗಾಯ ನಾಳೆಗೆ ಮಾಯುತ್ತೆ. ನಿಲ್ಲು.

ಪದ್ಯದಮ್ಮ ಸಾಲು ಹೇಳುತ್ತಾಳೆ, ಎಲ್ಲರೂ ಒಂದು ಮಡಿಕೆ ಬಿಚ್ಚುತ್ತಾರೆ. "ನಿಲ್ಲು" ಎಂದಾಗ ಹದಿನೆಂಟು ಜನರ ಮೂವತ್ತಾರು ಕೈ ಮೇಲೇಳುತ್ತವೆ, ಅಂಗೈ ಹೊರಗೆ, ಹೆಗಲಿನ ಎತ್ತರಕ್ಕೆ. ಕಣ್ಣು ಮಡಿಕೆಯೊಳಗೆ. ಏನೂ ಇಲ್ಲವಾದರೆ ಅವಳು "ನಡೆ" ಅನ್ನುತ್ತಾಳೆ. ಸೂಜಿ ಕಂಡವಳು ಯಾರಾದರೂ ಸರಿ, ನಡುವೆ "ನಿಲ್ಲು" ಎಂದು ಕೂಗಬಹುದು. ಆಗ ಅವಳೇ ಸೂಜಿಯನ್ನು ಡಬ್ಬಿಗೆ ಹಾಕಿ, ಅವಳೇ "ನಡೆ" ಅನ್ನಬೇಕು. ಅಲ್ಲಿಯವರೆಗೆ ಮೇಸ್ತ್ರಿ ಗಂಟಲು ಹರಿದುಕೊಂಡರೂ ಒಂದು ಕೈ ಕೆಳಗಿಳಿಯುವುದಿಲ್ಲ. ಒಂದಾದ ಮೇಲೊಂದು ಪದ್ಯ ಬಂದವು, ನಲವತ್ತಾದವು. ಎಲ್ಲದರಲ್ಲೂ ಮಾಯುವ ಮಾತಿದೆ, ಬೆಳಕಿನ ಮಾತಿದೆ. ಯಾಕಿರಬಾರದು? ದಿನವಿಡೀ ಹೇಲು, ರಕ್ತದಲ್ಲಿ ಕೈ ಇಟ್ಟವರಿಗೆ ಬೆಳಕು ಬೇಡವೇ? ಆದರೆ ಎಲ್ಲ ಸಾಲಿನ ಕೊನೆಗೂ "ನಿಲ್ಲು" ಇದೆ. ಆಮೇಲಿನ ಏಳು ವರ್ಷದಲ್ಲಿ ಯಾರಿಗೂ ಸೂಜಿ ಚುಚ್ಚಿಲ್ಲ.

ಈ ಪದ್ಯ ಒಂದು ದಿನ ಕೊಳವೆಯ ಬಾಯಿಂದ ಮೇಲಕ್ಕೆ ಕೇಳಿತು. ಕೇಳಿದವರು ಸಾಂತ್ವನ ವಿಭಾಗದ ಮೇಡಂ. ರೋಗಿಗಳಿಗೆ ಧೈರ್ಯ ಹೇಳುವುದು ಅವರ ಕೆಲಸ. ಒಳ್ಳೆಯವರೇ. ಮೆತ್ತಗೆ ಮಾತಾಡುವವರು. ಮೂಗು ಮುಚ್ಚಿಕೊಳ್ಳದೆ ನೆಲಮಾಳಿಗೆಗೆ ಇಳಿದು ಬಂದ ಮೊದಲ ದೊಡ್ಡ ಮನುಷ್ಯರು ಅವರೇ. ನಲವತ್ತನ್ನೂ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋದರು.

"ಅಮ್ಮಾ, ಇದು ಪುಸ್ತಕ ಆಗಬೇಕು. ಪ್ರತಿ ರೋಗಿಯ ತಲೆದಿಂಬಿನ ಪಕ್ಕ ಇರಬೇಕು."

"ನನ್ನ ಪದ್ಯನಾ?"

"ನಿಮ್ಮದೇ. ನೀವು ನಮ್ಮ ಕವಿ."

ಪದ್ಯದಮ್ಮನಿಗೆ ಖುಷಿಯಾಯಿತು. ಸುಳ್ಳು ಯಾಕೆ, ಕಾಲು ನೆಲಕ್ಕೆ ತಾಗಲಿಲ್ಲ. ಮನೆಗೆ ಹೋಗಿ ಸೊಸೆಗೆ ಮೂರು ಸಲ ಹೇಳಿದಳು.

ಸೊಸೆ ಓದಿದವಳು. ಹತ್ತು ತಿಂಗಳ ಕೂಸಿನ ತಾಯಿ. ಗಂಡ ಲಾರಿ ಹತ್ತಿ ಹೋದರೆ ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಾನೆ. ಪುಸ್ತಕದ ಮೊದಲ ಪ್ರತಿ ಮನೆಗೆ ಬಂದಾಗ ಅದನ್ನು ಮೂಸಿದಳು, ಎದೆಗೊತ್ತಿಕೊಂಡಳು. "ಮನಸ್ಸಿಗೆ ಮುಲಾಮು" ಎಂದು ಹೆಸರು.

"ಅತ್ತೆ, ನಿಮ್ಮ ಬಾಯಲ್ಲಿ ಬೈಗುಳ ಬಿಟ್ಟು ಇಷ್ಟು ಒಳ್ಳೆ ಮಾತೂ ಬರುತ್ತಾ?"

"ಬೈಗುಳ ನಿನಗೆ, ಪದ್ಯ ಊರಿಗೆ. ಮುಚ್ಚಿಡು ಅದನ್ನ."

"ಒಂದು ಓದಿ ಹೇಳ್ತೀನಿ, ಕೇಳಿ."

"ಬೇಡ ಅಂದೆ. ಕೆಲಸದ ಪದ್ಯ ಮನೇಲಿ ಬೇಡ."

ಅದು ಅವಳದೊಂದು ನಂಬಿಕೆ. "ನಿಲ್ಲು" ಎನ್ನುವ ಮಾತು ಹೊಸ್ತಿಲ ಒಳಗೆ ಬರಬಾರದು. ಮನೆ ನಡೆಯಬೇಕು. ಹಾಗಾಗಿ ಸೊಸೆ ಅತ್ತೆಯ ಬಾಯಿಂದ ಆ ಪದ್ಯ ಒಂದು ದಿನವೂ ಕೇಳಿರಲಿಲ್ಲ. ಅತ್ತೆ ಮಲಗಿದ ಮೇಲೆ ಮನಸ್ಸಿನಲ್ಲೇ ಓದಿಕೊಂಡಳು. ಎಲ್ಲವನ್ನೂ ಬಾಯಿಪಾಠ ಮಾಡಿದಳು. ಅತ್ತೆಗೆ ಒಂದು ದಿನ ಹೇಳಿ ಬೆರಗು ಮಾಡಬೇಕು ಎಂದು ಅವಳ ಆಸೆ. ಎಂಥ ಆಸೆ ನೋಡಿ.

ಸೊಸೆಯೂ ಅದೇ ವಾರ ಆಸ್ಪತ್ರೆಯ ಕೆಲಸಕ್ಕೆ ಸೇರಿದ್ದಳು, ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು. ಒಣಗಿದ ಬಟ್ಟೆ ಮಡಿಸುವ ಮೇಲಿನ ಕೋಣೆಯಲ್ಲಿ. "ಇವಳನ್ನ ಕೆಳಗೆ ಇಳಿಸಬೇಡಿ" ಎಂದು ಪದ್ಯದಮ್ಮ ಮೇಸ್ತ್ರಿಯ ಹತ್ತಿರ ಮಾತು ತೆಗೆದುಕೊಂಡಿದ್ದಳು. ಎರಡು ದಿನ ಮಾತು ನಡೆಯಿತು.

ಮೂರನೇ ದಿನ ಪುಸ್ತಕ ಬಿಡುಗಡೆ.

ಬೆಳಿಗ್ಗೆ ಎಂಟೂವರೆಗೆ ಮೇಸ್ತ್ರಿ ಮೆಟ್ಟಿಲ ಮೇಲೆ ನಿಂತು ಕರೆದ. "ಪದ್ಯದಮ್ಮಾ, ನೀವು ಬನ್ನಿ. ಫೋಟೋ ತೆಗೀಬೇಕಂತೆ."

ಕುಳ್ಳಿ ಕೈಯಲ್ಲಿದ್ದ ಗಂಟು ಕೆಳಗೆ ಹಾಕಿದಳು. "ಅಯ್ಯೋ ಅಕ್ಕಾ, 'ನೀವು' ಅಂದ! ಜ್ವರ ಗಿರ ಬಂದಿದೆಯಾ ನೋಡ್ರೇ ಇವನಿಗೆ."

"ನೀವೂ ಎಲ್ಲ ಬನ್ನಿ. ಹಾಲ್‌ನಲ್ಲಿ ಹಿಂದಿನ ಸಾಲು ಖಾಲಿ ಇರಬಾರದಂತೆ. ಚಪ್ಪಾಳೆ ಯಾವಾಗ ಹೊಡೀಬೇಕು ಅಂತ ಹೇಳಿಕೊಡ್ತಾರೆ."

"ಚಪ್ಪಾಳೆಗೂ ಟ್ರೇನಿಂಗಾ?"

ಎಲ್ಲರೂ ನಗುತ್ತ ಹತ್ತಿದರು. ನೆಲಮಾಳಿಗೆಯಲ್ಲಿ ಉಳಿದವನು ಯಂತ್ರ ತಿರುಗಿಸುವವನೊಬ್ಬನೇ. ಗಂಟುಗಳು ಮಾತ್ರ ಬೀಳುತ್ತಲೇ ಇದ್ದವು. ಹತ್ತಾದವು. ಇಪ್ಪತ್ತಾದವು. ಮೇಸ್ತ್ರಿ ಮಡಿಸುವ ಕೋಣೆಗೆ ಹೋಗಿ ಪದ್ಯದಮ್ಮನ ಸೊಸೆಯನ್ನು ಕರೆದು, "ನಿಮ್ಮತ್ತೆ ಬರೋವರೆಗೆ ಒಂದರ್ಧ ಗಂಟೆ ನೋಡ್ಕೋ" ಅಂದ.

ಮೇಲೆ ಪದ್ಯದಮ್ಮನಿಗೆ ಹೊಸ ಸೀರೆ ಉಡಿಸಿದರು. ಕುರ್ಚಿಯ ಮೇಲೆ ಕೂರಿಸಿ ಕೈಗೆ ಹೂಗುಚ್ಛ ಕೊಟ್ಟರು.

"ಕೈ ಹೂವಿನ ಕೆಳಗೆ ಇಟ್ಕೊಳಿ," ಅಂದ ಫೋಟೋದವನು. "ಇನ್ನೂ ಒಳಗೆ. ಕೈ ಕಾಣೋದು ಬೇಡ."

ಬ್ಲೀಚಿಂಗ್ ಪುಡಿ ತಿಂದ ಕೈ. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಉಗುರು ಅರ್ಧ ಇಲ್ಲ. ಪದ್ಯ ಕಟ್ಟಿದ್ದೇ ಆ ಕೈ. ಅದನ್ನೇ ಬಚ್ಚಿಡು ಅಂದರು. ಅವಳು ಬಚ್ಚಿಟ್ಟಳು.

ಮೇಡಂ ಇನ್ನೊಂದು ಮಾತು ಹೇಳಿದರು. "ಅಮ್ಮಾ, ಪುಸ್ತಕವನ್ನ ಬಣ್ಣದ ಕಾಗದದಲ್ಲಿ ಸುತ್ತೋದು ಬೇಡ. ನೀವೇ ಒಗೆದ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ತನ್ನಿ. ದೊಡ್ಡ ಡಾಕ್ಟರು ವೇದಿಕೆ ಮೇಲೆ ಬಿಚ್ತಾರೆ. ಚೆಂದ ಇರುತ್ತೆ ಅಲ್ವಾ?"

"ಚೆಂದ ಮೇಡಂ. ಈಗ ತರ್ತೀನಿ," ಎಂದು ಪದ್ಯದಮ್ಮ ಪುಸ್ತಕಗಳನ್ನು ಸೆರಗಲ್ಲಿ ಹಿಡಿದು ಕೆಳಗಿಳಿದಳು. ಒಂಬತ್ತು ಗಂಟೆ.

ಮೆಟ್ಟಿಲ ತಿರುವಿನಲ್ಲಿ ಅವಳಿಗೆ ಹಾಡು ಕೇಳಿಸಿತು. ಅವಳದೇ ಪದ್ಯ. ಸೊಸೆಯ ದನಿ. ಇದೇನಿವಳು ಕೆಳಗೆ ಎಂದುಕೊಂಡಳು. ದನಿ ಚೆನ್ನಾಗಿದೆ ಎಂದೂ ಅನ್ನಿಸಿತು. ಮರುಗಳಿಗೆಯೇ ಎರಡೆರಡು ಮೆಟ್ಟಿಲು ಇಳಿಯತೊಡಗಿದಳು.

ಎತ್ತು ಹಾಸು, ಮೆಲ್ಲಗೆ ಎತ್ತು,
ನೋವು ಉಂಡವರು ಮಲಗಿದ್ದ ಹಾಸು,
ಕಲೆ ಹೋಗುತ್ತೆ, ಬಿಳುಪು ಬರುತ್ತೆ...

ತಡೆಯೇ ಇಲ್ಲ. ಸಾಲಿನ ಹಿಂದೆ ಸಾಲು ಓಡುತ್ತಿದೆ. ಸಾಲಿನ ಹಿಂದೆ ಕೈಯೂ ಓಡುತ್ತಿದೆ.

"ನಿಲ್ಲೇ!" ಎಂದು ಪದ್ಯದಮ್ಮ ಕಿರುಚಿದಳು. ಪುಸ್ತಕಗಳು ಮೆಟ್ಟಿಲ ಮೇಲೆ ಚೆಲ್ಲಿದವು. "ನಿಲ್ಲೇ, ಕೈ ಎತ್ತೇ!"

"ಹಾ!" ಎಂದಳು ಸೊಸೆ.

ಬಲಗೈಯ ನಡುಬೆರಳು. ಸೂಜಿ ಅರ್ಧ ಒಳಗೆ ಹೋಗಿ ನಿಂತಿತ್ತು. ಗಂಟಿನ ಮೇಲಿನ ಚೀಟಿಯಲ್ಲಿ "೪" ಎಂದು ಬರೆದಿತ್ತು. ಅಂಕಿಗಳಲ್ಲಿ ಆ ನಾಲ್ಕೊಂದು ಮಾತ್ರ ಪದ್ಯದಮ್ಮನಿಗೆ ಗುರುತು ಹತ್ತುತ್ತದೆ. ಉದ್ದಜಡೆ ಸತ್ತ ವಾರ್ಡು.

ಸೂಜಿ ಕಿತ್ತಳು. ನಲ್ಲಿಯ ಕೆಳಗೆ ಬೆರಳು ಹಿಡಿದಳು. ಸೊಸೆಗೆ ಇನ್ನೂ ಅರ್ಥವಾಗಿರಲಿಲ್ಲ.

"ಯಾಕೆ ನಿಲ್ಲಲಿಲ್ಲ? ಸಾಲು ಮುಗಿದ ಮೇಲೆ ಯಾಕೆ ನಿಲ್ಲಲಿಲ್ಲ ನೀನು?"

"ಪುಸ್ತಕದಲ್ಲಿ ಇದ್ದಂಗೇ ಹೇಳಿದೆ ಅತ್ತೆ. ಒಂದಕ್ಷರ ತಪ್ಪಿಲ್ಲ."

"'ನಿಲ್ಲು' ಅಂತ ಇಲ್ವಾ?"

ಸೊಸೆ ಒದ್ದೆ ಕೈಯಲ್ಲೇ ಒಂದು ಪುಸ್ತಕ ಎತ್ತಿಕೊಂಡು ಪುಟ ತಿರುವಿದಳು. ಇನ್ನೊಂದು ಪುಟ. ಇನ್ನೊಂದು.

"ಎಲ್ಲೂ ಇಲ್ಲ ಅತ್ತೆ."

ಪದ್ಯದಮ್ಮ ಗಂಟಿನ ಚೀಟಿ ಕಿತ್ತುಕೊಂಡು, ಸೊಸೆಯನ್ನು ತುರ್ತು ಚಿಕಿತ್ಸೆಯ ಕೋಣೆಗೆ ಎಳೆದುಕೊಂಡು ಓಡಿದಳು. ಅಲ್ಲಿದ್ದ ನರ್ಸ್ ಬೆರಳು ನೋಡಿ, ಚೀಟಿ ನೋಡಿ, ಮುಖ ಗಂಭೀರ ಮಾಡಿಕೊಂಡಳು.

"ರೋಗ ಅಂಟದ ಹಾಗೆ ತಡೆಮದ್ದು ಇದೆ. ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು. ಎರಡು ಗಂಟೆ ಒಳಗೆ ಆದ್ರೆ ತುಂಬ ಒಳ್ಳೇದು. ಆದ್ರೆ ಕೆಲಸದಲ್ಲಿ ಚುಚ್ಚಿದ್ದು ಅಂತ ನಿಮ್ಮ ಮೇಸ್ತ್ರಿ ಬರೆದುಕೊಡಬೇಕು, ದೊಡ್ಡ ಡಾಕ್ಟರು ಸಹಿ ಹಾಕಬೇಕು. ಅದಿಲ್ಲದೆ ನಾನು ಕಪಾಟು ತೆಗೆಯೋ ಹಾಗಿಲ್ಲ." ಸೊಸೆಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಮಗುಗೆ ಹಾಲು ಕೊಡ್ತಿದೀಯಾ?"

"ಹೂಂ."

"ಡಾಕ್ಟರು ಹೇಳೋವರೆಗೆ ಕೊಡಬೇಡ."

ಆಗ ಸೊಸೆಗೆ ಅರ್ಥವಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು ಬೆಂಚಿನ ಮೇಲೆ ಕುಸಿದಳು. ಕುಪ್ಪಸ ಆಗಲೇ ಒದ್ದೆಯಾಗಿತ್ತು. ಕೂಸಿಗೆ ಹಸಿವಾಗುವ ಹೊತ್ತು.

ಮೇಸ್ತ್ರಿ ಸಭಾಂಗಣದ ಬಾಗಿಲಲ್ಲಿ ಸಿಕ್ಕಿದ. ಕೇಳುತ್ತಲೇ ಅವನ "ನೀವು" ಹಾರಿಹೋಯಿತು.

"ಇವತ್ತೇ ಆಗಬೇಕಿತ್ತಾ ನಿನಗೆ? ಒಳಗೆ ಅತಿಥಿಗಳು ಬಂದಿದಾರೆ, ಟೀವಿಯವರು ಬಂದಿದಾರೆ. ಕಾರ್ಯಕ್ರಮ ಮುಗೀಲಿ, ಬರೆದುಕೊಡ್ತೀನಿ."

"ಮದ್ದು ಈಗ ಬೇಕು."

"ಕೆಲಸದಲ್ಲಿ ಚುಚ್ಚಿದ್ದು ಅಂತ ಏನು ಗ್ಯಾರಂಟಿ? ಅವಳು ಮಡಿಸೋ ಕೋಣೆಯವಳು. ಕೆಳಗೆ ಯಾಕೆ ಬಂದಳು ಅಂತ ಕೇಳ್ತಾರೆ."

"ನೀನೇ ಇಳಿಸಿದ್ದು!"

"ನಾನು ಹೇಳಿದ್ದಕ್ಕೆ ಸಾಕ್ಷಿ ಯಾರು? ನೋಡು, ಜಾಸ್ತಿ ಬಾಯಿ ಮಾಡಿದ್ರೆ ಅತ್ತೆ ಸೊಸೆ ಇಬ್ಬರಿಗೂ ನಾಳೆಯಿಂದ ಕೆಲಸ ಇಲ್ಲ. ಹೋಗು, ನಗ್ತಾ ಪದ್ಯ ಹೇಳು."

ಮೇಡಂ ಹತ್ತಿರ ಹೋದಳು. ಮೇಡಂ ಮುಖ ಬಾಡಿತು. ಆದರೆ ಗಡಿಯಾರ ನೋಡಿದರು.

"ಅಮ್ಮಾ, ನಾನು ದೊಡ್ಡ ಡಾಕ್ಟರ ಹತ್ತಿರ ಖಂಡಿತ ಮಾತಾಡ್ತೀನಿ. ಕಾರ್ಯಕ್ರಮ ಮುಗಿದ ತಕ್ಷಣ."

"ಮೇಡಂ, ನನ್ನ 'ನಿಲ್ಲು' ಎಲ್ಲಿ ಹೋಯ್ತು?"

"ಯಾವುದು?"

"ಪ್ರತಿ ಸಾಲಿಗೂ ಇತ್ತಲ್ಲ."

"ಓ ಅದಾ? ಅದು ಮತ್ತೆ ಮತ್ತೆ ಬರ್ತಿತ್ತು ಅಮ್ಮಾ. ರೋಗಿಗಳು ಓದೋ ಪುಸ್ತಕ. 'ನಿಲ್ಲು, ನಿಲ್ಲು' ಅಂದ್ರೆ ಮನಸ್ಸಿಗೆ ಭಯ ಆಗುತ್ತೆ. ಭರವಸೆ ಕಡಿಮೆ ಆಗುತ್ತೆ. ಅದಕ್ಕೇ ತೆಗೆದ್ವಿ. ಈಗ ಎಷ್ಟು ಸರಾಗವಾಗಿ ಓದಿಸಿಕೊಳ್ಳುತ್ತೆ ಗೊತ್ತಾ?"

"ಗೊತ್ತು," ಅಂದಳು ಪದ್ಯದಮ್ಮ. "ಸರಾಗವಾಗಿ ನನ್ನ ಸೊಸೆ ಬೆರಳೊಳಗೆ ಹೋಯ್ತು."

ಒಳಗಿನಿಂದ ಯಾರೋ ಕರೆದರು, ಮೇಡಂ ಹೋದರು.

ಪದ್ಯದಮ್ಮ ಮತ್ತೆ ನೆಲಮಾಳಿಗೆಗೆ ಇಳಿದಳು. ಒಗೆದು ಇಸ್ತ್ರಿ ಮಾಡಿದ ಬಿಳಿ ಬೆಡ್‌ಶೀಟು ಗೂಡಿನಲ್ಲಿ ಸಿದ್ಧವಾಗಿತ್ತು. ಅದರ ಹತ್ತಿರ ಹೋದಳು. ನಿಂತಳು. ಅದನ್ನು ಅಲ್ಲೇ ಬಿಟ್ಟು ಮೇಜಿನ ಕಡೆ ತಿರುಗಿದಳು. ಸೊಸೆ ಬಿಚ್ಚುತ್ತಿದ್ದ ಗಂಟು ಅರ್ಧ ತೆರೆದು ಬಿದ್ದಿತ್ತು. ಇನ್ನೂ ನಾಲ್ಕೈದು ಮಡಿಕೆ ಬಾಕಿ. ಒಳಗೆ ಇನ್ನೊಂದು ಸೂಜಿ ಇದೆಯೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರೊಳಗೆ ಕೈ ಹಾಕುವುದೇ ಅವಳ ಹನ್ನೆರಡು ವರ್ಷದ ಕೆಲಸ. ಅದರ ಮೇಲೆ ಮೂರು ಪುಸ್ತಕ ಇಟ್ಟಳು. ಹೊರಗಿನ ಸುತ್ತನ್ನು ಮಾತ್ರ ನೋಡಿ ನೋಡಿ ಮಡಿಸಿ, ತುದಿ ಹಿಡಿದು ಗಂಟು ಹಾಕಿದಳು. ಮೇಲೆ ಮೇಡಂ ಕೊಟ್ಟಿದ್ದ ಗುಲಾಬಿ ರಿಬ್ಬನ್ನು.

ಹತ್ತು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಮುಂದಿನ ಸಾಲಿನಲ್ಲಿ ಡಾಕ್ಟರುಗಳು, ಅತಿಥಿಗಳು. ಹಿಂದಿನ ಸಾಲಿನಲ್ಲಿ ನೆಲಮಾಳಿಗೆಯವರು. ದೊಡ್ಡ ಡಾಕ್ಟರು, ಈ ಆಸ್ಪತ್ರೆಯ ಯಜಮಾನರು, ಇಪ್ಪತ್ತು ನಿಮಿಷ ಮಾತಾಡಿದರು. ಈ ತಾಯಿ ನಮ್ಮ ಸಂಸ್ಥೆಯ ಹೃದಯ ಅಂದರು. ಗಾಯ ಮಾಯಿಸುವುದು ಔಷಧ ಮಾತ್ರವಲ್ಲ, ಮಾತು ಅಂದರು. ಚಪ್ಪಾಳೆ ಬಿತ್ತು. ಪದ್ಯದಮ್ಮ ಮಡಿಲಲ್ಲಿ ಗಂಟು ಇಟ್ಟುಕೊಂಡು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಅಂಕಿ ಬರದಿದ್ದರೂ ಮುಳ್ಳು ಎಲ್ಲಿ ಬಂದರೆ ಎರಡು ಗಂಟೆ ಎಂದು ನರ್ಸ್ ತೋರಿಸಿದ್ದಳು.

"ಈಗ ಬಿಡುಗಡೆ," ಎಂದು ಮೇಡಂ ಮೈಕಿನಲ್ಲಿ ಹೇಳಿದರು.

ಪದ್ಯದಮ್ಮ ಗಂಟನ್ನು ಮೇಜಿನ ಮೇಲಿಟ್ಟಳು. ಕ್ಯಾಮೆರಾಗಳು ಮುಂದೆ ಬಂದವು. ದೊಡ್ಡ ಡಾಕ್ಟರು ನಗುತ್ತ ಎರಡೂ ಕೈ ಚಾಚಿದರು. ತೊಳೆದು ತೊಳೆದು ಬೆಳ್ಳಗಾದ ಕೈ.

"ನಿಲ್ಲು!"

ಸಭೆ ಬೆಚ್ಚಿತು. ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಹಿಂದಿನ ಸಾಲಿನಲ್ಲಿ ಹದಿನೇಳು ಹೆಂಗಸರು ಒಮ್ಮೆಲೇ ಎದ್ದರು. ಯಾರೂ ಹೇಳಿಕೊಡಲಿಲ್ಲ. ಕೈ ಮೇಲಕ್ಕೆ, ಅಂಗೈ ಹೊರಗೆ. ಸುಲಿದ ಅಂಗೈ, ಸುಟ್ಟ ಅಂಗೈ, ಉಗುರಿಲ್ಲದ ಬೆರಳು. ಹೂವಿನ ಕೆಳಗೆ ಬಚ್ಚಿಟ್ಟದ್ದೆಲ್ಲ ಒಟ್ಟಿಗೆ ಮೇಲೆದ್ದಿತು.

"ಸಾರ್, ಮುಟ್ಟಬೇಡಿ," ಅಂದಳು ಪದ್ಯದಮ್ಮ. ದನಿ ಸಣ್ಣದಾಗಲಿಲ್ಲ. "ಇದು ನಾಲ್ಕನೇ ವಾರ್ಡಿನ ಬೆಡ್‌ಶೀಟು. ಒಗೆದಿಲ್ಲ. ಒಳಗೆ ನಿಮ್ಮ ಪುಸ್ತಕ ಇದೆ. ಇನ್ನೂ ಏನಿದೆಯೋ ನನಗೆ ಗೊತ್ತಿಲ್ಲ. ಒಂದು ಗಂಟೆ ಹಿಂದೆ ಇದರಲ್ಲೇ ಇದ್ದ ಸೂಜಿ ನನ್ನ ಸೊಸೆಗೆ ಚುಚ್ಚಿತು. ಮದ್ದು ಕೊಡಲಿಲ್ಲ. ಕಾರ್ಯಕ್ರಮ ಮುಗೀಲಿ ಅಂದ್ರು. ಮುಗಿಸೋಣ. ಈಗ ಬಿಚ್ಚಿ ಸಾರ್. ನಾವು ದಿನಾ ಬಿಚ್ತೀವಲ್ಲ, ಹಾಗೆ. ಬರಿಗೈಲಿ."

ದೊಡ್ಡ ಡಾಕ್ಟರ ಎರಡೂ ಕೈ ಬೆನ್ನ ಹಿಂದೆ ಹೋದವು.

ಮೇಸ್ತ್ರಿ ವೇದಿಕೆಯ ಪಕ್ಕದಿಂದ ಕೈ ಬೀಸುತ್ತಿದ್ದ. ಡಾಕ್ಟರ ಎದುರಿಗೆ ಕ್ಯಾಮೆರಾ. ಏನಾದರೂ ಮಾಡಲೇಬೇಕು. ಪಕ್ಕಕ್ಕೆ ತಿರುಗಿ, ನಲವತ್ತು ವರ್ಷದ ರೂಢಿಯಿಂದ, ಯೋಚಿಸದೆ ಕೂಗಿದರು.

"ಗ್ಲೌಸ್! ಯಾರಾದ್ರೂ ಗ್ಲೌಸ್ ತನ್ನಿ!"

ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಯಾವನೋ ಓಡಿಹೋಗಿ ಓಡಿಬಂದ. ಮೊಣಕೈಯವರೆಗಿನ ದಪ್ಪ ರಬ್ಬರಿನ ಕೈಗವಸು. ಹಳದಿ ಬಣ್ಣ. ಕವರು ಕೂಡ ಒಡೆದಿರಲಿಲ್ಲ.

ಹಿಂದಿನ ಸಾಲಿನಿಂದ ಕುಳ್ಳಿಯ ದನಿ ಬಂತು, ಮೈಕು ಬೇಡದ ದನಿ. "ಮೇಸ್ತ್ರೀ! ಸ್ಟಾಕ್ ಬಂತಲ್ಲೋ!"

ಯಾರೋ ಕಿಸಕ್ಕನೆ ನಕ್ಕರು. ನಗು ಅರ್ಧಕ್ಕೇ ನಿಂತಿತು. ಪದ್ಯದಮ್ಮ ನಗಲಿಲ್ಲ. ಆ ಹಳದಿಯನ್ನೇ ನೋಡುತ್ತ ನಿಂತಳು. ಉದ್ದಜಡೆಯ ಕಣ್ಣಿನ ಹಳದಿ ನೆನಪಾಯಿತು. ಹನ್ನೆರಡು ವರ್ಷ ಕೇಳಿದ್ದು ಇಷ್ಟು ಹತ್ತಿರ ಇತ್ತು. ಒಂದು ನಿಮಿಷದ ದೂರ. ಅಳು ಬರುತ್ತದೆ ಅನ್ನಿಸಿತು. ಇಲ್ಲಿ ಅಳಬಾರದು ಎಂದು ಹಲ್ಲು ಕಚ್ಚಿದಳು.

"ಹಾಕ್ಕೊಳ್ಳಿ ಸಾರ್. ನಿಮ್ಮ ಕೈಗೂ ಏನೂ ಆಗಬಾರದು. ನನ್ನ ಪದ್ಯದ ಅರ್ಥ ಅಷ್ಟೇ. ಆದ್ರೆ 'ನಡೆ' ಅಂತ ನಾನಿನ್ನೂ ಹೇಳಿಲ್ಲ. ನಾನು ಹೇಳೋವರೆಗೆ ಅವರ ಕೈ ಇಳಿಯಲ್ಲ. ಮೊದಲು ನನ್ನ ಸೊಸೆಗೆ ಮದ್ದು."

"ಕಾಗದ ಎಲ್ಲಿ?" ಎಂದರು ಡಾಕ್ಟರು. ಮೇಡಂ ತಾವೇ ಒಂದು ಕಾಗದ ಹರಿದು, ತಾವೇ ಬರೆದು, ಮುಂದೆ ಹಿಡಿದರು. ಕೆಲಸದ ವೇಳೆ, ಮೇಜಿನ ಮೇಲೆ, ಸೂಜಿ ಎಂದು ಬರೆದಿದ್ದರು. ಬರೆಯುವಾಗ ಅವರ ಕಣ್ಣಲ್ಲಿ ನೀರಿತ್ತು. ಇರಲಿ, ಬರೆದದ್ದು ಒಳ್ಳೆಯದಾಯಿತು. ಡಾಕ್ಟರು ಸಹಿ ಹಾಕಿದರು.

ಸಭೆ ಕಾದು ಕೂತಿತು. ಐದು ನಿಮಿಷ. ಹತ್ತು ನಿಮಿಷ. ಹಿಂದಿನ ಸಾಲಿನ ಕೈಗಳು ನಡುಗತೊಡಗಿದವು. ಕುಳ್ಳಿಯ ಹೆಗಲು ಮೊದಲೇ ಸರಿಯಿಲ್ಲ. ಮುಖ ಕಿವುಚಿಕೊಂಡು ನಿಂತಳೇ ಹೊರತು ಇಳಿಸಲಿಲ್ಲ. ಒಬ್ಬ ಅತಿಥಿ ಮೆಲ್ಲಗೆ ಎದ್ದು ಹೋದ. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಚಿಕ್ಕ ಡಾಕ್ಟರಮ್ಮ ಹಿಂದೆ ತಿರುಗಿ ಆ ಅಂಗೈಗಳನ್ನು ನೋಡಿದಳು, ತಲೆ ತಗ್ಗಿಸಿದಳು.

ಬಾಗಿಲಲ್ಲಿ ನರ್ಸ್ ಜೊತೆ ಸೊಸೆ ಕಾಣಿಸಿದಳು. ತೋಳಿನ ಮೇಲೆ ಹತ್ತಿ ಅಂಟಿಸಿತ್ತು. ಕೈಯಲ್ಲಿ ಮಾತ್ರೆಯ ಪೊಟ್ಟಣ. ಅತ್ತೆಗೆ ಕಾಣಲೆಂದು ಎತ್ತಿ ಹಿಡಿದಳು.

"ಆಯ್ತಲ್ಲ ಅಮ್ಮಾ," ಎಂದರು ದೊಡ್ಡ ಡಾಕ್ಟರು. "ಈಗ 'ನಡೆ' ಅನ್ನಿ. ಪದ್ಯ ಹೇಳಿ."

ಪದ್ಯದಮ್ಮ ಮೇಜಿನ ಮೇಲಿದ್ದ ಕೈಗವಸನ್ನು ಎತ್ತಿ ನೋಡಿದಳು. ಹಿಂದಿನ ಸಾಲನ್ನು ನೋಡಿದಳು.

"ಒಂದು ಜೊತೆ ಸಾರ್. ನಾವು ಹದಿನೆಂಟು ಜನ."

ಕೈಗವಸನ್ನು ಹಾಗೇ ಇಟ್ಟಳು. ಗಂಟನ್ನು ತೆಗೆದುಕೊಂಡಳು, ಅದನ್ನು ಅಲ್ಲಿ ಬಿಡುವಂತಿಲ್ಲ. ವೇದಿಕೆ ಇಳಿದಳು. ಅವಳ ಹಿಂದೆ ಕೈ ಎತ್ತಿದವರೆಲ್ಲ ಸಾಲಾಗಿ ಹೊರಟರು. ಎತ್ತಿದ ಕೈಯಲ್ಲೇ ಸಭಾಂಗಣ ದಾಟಿದರು, ಎತ್ತಿದ ಕೈಯಲ್ಲೇ ಮೆಟ್ಟಿಲಿಳಿದರು. ಯಂತ್ರದವನು ಅವರನ್ನು ಕಂಡು ಏನೂ ಕೇಳದೆ ಗುಂಡಿ ಒತ್ತಿದ. ಯಂತ್ರ ನಿಂತಿತು. ಆ ಕೋಣೆ ಅಷ್ಟು ಸುಮ್ಮನಿದ್ದದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಕೈ ಮಡಿಲಲ್ಲಿ ಇಟ್ಕೊಳ್ರೇ, ಗಂಟು ಮಾತ್ರ ಮುಟ್ಟಬೇಡಿ" ಎಂದಳು ಪದ್ಯದಮ್ಮ. ಎಲ್ಲರೂ ಗೋಡೆಗೆ ಒರಗಿ ಕೂತರು. ಕುಳ್ಳಿ ಹೆಗಲು ತಿಕ್ಕಿಕೊಂಡಳು.

"ಅಕ್ಕಾ, ಕೆಲಸ ಹೋದ್ರೆ?"

"ಹೋದ್ರೆ ಈ ಗಂಟು ಯಾರು ಬಿಚ್ತಾರೆ? ಅವರಾ? ನೋಡಿದ್ಯಲ್ಲ ಕೈ ಎಲ್ಲಿ ಹೋಯ್ತು ಅಂತ."

ಸೊಸೆ ಅತ್ತೆಯ ಪಕ್ಕ ಕೂತಳು. ಆರು ವಾರ ಕಳೆದ ಮೇಲೆ ಒಂದು ಸಲ, ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ರಕ್ತ ನೋಡುತ್ತಾರಂತೆ. ಅಲ್ಲಿಯವರೆಗೆ ಏನೂ ಹೇಳಲಾಗದಂತೆ.

"ಮಾಯುತ್ತಾ ಅತ್ತೆ?"

"ಮಾಯುತ್ತೆ. ಮಾಯಲೇಬೇಕು." ಪದ್ಯದಮ್ಮ ಅವಳ ತಲೆಯನ್ನು ಹೆಗಲಿಗೆಳೆದುಕೊಂಡಳು. ಆಮೇಲೆ ಮೆಟ್ಟಿಲ ಮೇಲೆ ಚೆಲ್ಲಿದ್ದ ಪುಸ್ತಕದಲ್ಲಿ ಒಂದನ್ನು ತರಿಸಿದಳು. "ಪೆನ್ನಿದೆಯಾ? 'ನಿಲ್ಲು' ಅಂತ ಹೆಂಗೆ ಬರೀತಾರೆ, ತೋರಿಸು."

ಸೊಸೆ ಎಡಗೈಯಲ್ಲಿ ಸೊಟ್ಟಗೆ ಬರೆದು ತೋರಿಸಿದಳು. ಪದ್ಯದಮ್ಮ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಮೊದಲ ಸಾಲಿನ ಕೊನೆಗೆ ಬರೆದಳು. ಅದು ಅವಳು ಬದುಕಿನಲ್ಲಿ ಬರೆದ ಮೊದಲ ಮಾತು. ಎರಡನೇ ಸಾಲಿಗೂ ಬರೆದಳು.

ಮೆಟ್ಟಿಲ ಮೇಲೆ ಮೇಸ್ತ್ರಿಯ ಬೂಟಿನ ಸದ್ದಾಯಿತು. "ವಾರ್ಡಿನಲ್ಲಿ ಹಾಸಿಲ್ಲ, ಏಳ್ರೀ," ಎಂದು ಕೂಗಿದ. ಇವತ್ತು ಎರಡನೇ ಸಲ ಬಹುವಚನ.

ಕೊಳವೆಯಲ್ಲಿ ಸರಸರ ಸದ್ದು ಬಂತು. ಗಂಟು ಧೊಪ್ಪನೆ ಬಿತ್ತು. ಅದರ ಮೇಲೆ ಇನ್ನೊಂದು ಬಿತ್ತು, ಇನ್ನೊಂದು. ಯಾರೂ ಮುಟ್ಟಲಿಲ್ಲ. ಪದ್ಯದಮ್ಮ ತಲೆಯೆತ್ತದೆ ಮೂರನೇ ಸಾಲಿಗೆ ಬರೆಯುತ್ತಿದ್ದಳು. ನಡೆ ಅನ್ನಲಿಲ್ಲ.